ನಾಲ್ಕು ಚಕ್ರದ ಲೆಕ್ಕ

ಅಕ್ಕನ ಮಗನ ಆರ್‌ಸಿ ಟ್ರಕ್, ಅಂದರೆ ರಿಮೋಟಿನಲ್ಲಿ ಓಡುವ ಆಟದ ಟ್ರಕ್, ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತಿತ್ತು. ಎಡಕ್ಕೆ ತಿರುಗಿಸಿದರೆ ಮೂತಿ ಮಾತು ಕೇಳದೆ ಅಗಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಹಿಂಭಾಗ ಜಾರಿ ಗಿರ್ರನೆ ಸುತ್ತು ಹೊಡೆಯುತ್ತದೆ. ಚಕ್ರ ತಿರುಗಿಸುವ ಸರ್ವೋ ಮೋಟಾರು, ಟಯರು, ಕೊನೆಗೆ ಮೈದಾನದ ಮಣ್ಣು, ಎಲ್ಲವನ್ನೂ ಅವನು ಬೈದಾಗಿತ್ತು. ನನಗೆ ಅನುಮಾನವಿದ್ದದ್ದು ತೂಕದ ಮೇಲೆ. ಆಟಿ ತಿಂಗಳ ಮಳೆಗೆ ಡಿಸಿ ಶಾಲೆಗಳಿಗೆ ರಜೆ ಕೊಟ್ಟ ದಿನ ಹುಡುಗ ಟ್ರಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಂಗಳೂರಿನ ಬಿಜೈಯ ನಮ್ಮ ಮನೆಗೆ ಬಂದ.

"ಮಾವ, ಹೊರಗೆ ಓಡಿಸ್ಲಿಕ್ಕೆ ಹೇಗೂ ಆಗುದಿಲ್ಲ. ಇವತ್ತು ಇದರ ತೂಕ ನೋಡುವನಾ?"

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ನಿಜವಾದ ಟ್ರಕ್ಕಿನ ಹತ್ತರಲ್ಲೊಂದು ಅಳತೆಯ ಗಾಡಿ ಅದು. ಬ್ಯಾಟರಿ ಎಡಬದಿಯಲ್ಲಿ, ಮೋಟಾರು ಮತ್ತು ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಬಲಬದಿಯಲ್ಲಿ. ಮೊದಲು ಸುಲಭದ ಪರೀಕ್ಷೆ ಮಾಡಿದೆವು. ಚಾಸಿಯ ಅಡಿಯಲ್ಲಿ ನಡುಗೆರೆ ಗುರುತು ಮಾಡಿ, ಮುಂದೊಂದು ಹಿಂದೊಂದು ಸ್ಕ್ರೂಡ್ರೈವರ್ ತುದಿಯ ಮೇಲೆ ಗಾಡಿಯನ್ನು ಎತ್ತಿದರೆ ಯಾವ ಬದಿ ಭಾರವೋ ಆ ಬದಿಗೆ ವಾಲುತ್ತದೆ. ನಮ್ಮದು ಬಲಕ್ಕೆ ವಾಲಿತು. ಎಷ್ಟು ಭಾರ, ಯಾವ ಚಕ್ರದ ಮೇಲೆ ಎಂದು ಇದರಿಂದ ತಿಳಿಯುವುದಿಲ್ಲ. ಅದಕ್ಕೆ ತಕ್ಕಡಿಯೇ ಬೇಕು.

ಅಮ್ಮನ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದಿತ್ತು. ಇನ್ನೊಂದು ಪಕ್ಕದ ಮನೆಯ ಟೀಚರದ್ದು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡುವಾಗ ಅವರು ಸಕ್ಕರೆ, ಮೈದಾವನ್ನು ಗ್ರಾಂ ಲೆಕ್ಕದಲ್ಲಿ ತೂಗುವವರು. "ಕೊಂಡುಹೋಗಿ, ಆದ್ರೆ ಗ್ರೀಸ್ ತಾಗಿಸ್ಬೇಡಿ ಮಾರಾಯ್ರೆ" ಎಂದು ಕೊಟ್ಟರು. ನಾಲ್ಕು ತಕ್ಕಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ತಕ್ಕಡಿಯಷ್ಟೇ ಎತ್ತರಕ್ಕೆ ಹಲಗೆ ಜೋಡಿಸಿ, ಮುಂದಿನ ಚಕ್ರಗಳನ್ನು ತೂಗುವಾಗ ಹಿಂದಿನವನ್ನು ಹಲಗೆಯ ಮೇಲಿಟ್ಟು, ಆಮೇಲೆ ಅದಲುಬದಲು ಮಾಡಿದರಾಯಿತು.

ಎರಡು ತಕ್ಕಡಿಯೂ ಒಂದೇ ಮಾತಾಡುತ್ತವೆಯೇ? ಹತ್ತು ರೂಪಾಯಿಯ ನಾಣ್ಯ 7.71 ಗ್ರಾಂ ಇರುತ್ತದೆ. ಹತ್ತು ನಾಣ್ಯ ಇಟ್ಟರೆ 77 ತೋರಿಸಬೇಕು, ಎರಡೂ ತೋರಿಸಿದವು. ಆದರೆ ಅರ್ಧ ಕಿಲೋ ಹೊತ್ತಾಗಲೂ ಸರಿಯಾಗಿರಬೇಕಲ್ಲ ಎಂದು ಕೊಡೆ ಹಿಡಿದು ಮೂಲೆಯ ಜಿನಸು ಅಂಗಡಿಗೆ ಹೋದೆ. ಅವರೂ ಈಗ ಎಲೆಕ್ಟ್ರಾನಿಕ್ ತಕ್ಕಡಿಯವರೇ. ಹಳೆಯ ಕಬ್ಬಿಣದ ತೂಕದ ಕಲ್ಲುಗಳು ಅಕ್ಕಿ ಮೂಟೆಯ ಹಿಂದೆ ಬಿದ್ದಿದ್ದವು. "ಎಂತ, ಹೊಸ ವ್ಯಾಪಾರ ಸುರು ಮಾಡಿದ್ರಾ?" ಎನ್ನುತ್ತಲೇ ಅಂಗಡಿಯವರು ಅರ್ಧ ಕಿಲೋದ್ದನ್ನು ಒರೆಸಿ ಕೊಟ್ಟರು. ಆರು ಮೂಲೆಯ ಕಲ್ಲು. ಅಡಿಯಲ್ಲಿ ಒಂದು ತೂತು, ಅದರೊಳಗೆ ಸೀಸ ತುಂಬಿ, ಆ ಮೆತ್ತಗಿನ ಸೀಸದ ಮೇಲೆ ಇಲಾಖೆಯ ಮುದ್ರೆಗಳು ಒಂದರ ಮೇಲೊಂದು ಒತ್ತಿದ್ದವು. ತೂಕ ಹೊಂದಿಸಲು ಸೀಸ, ಹೊಂದಿಸಿದ್ದಕ್ಕೆ ಸಾಕ್ಷಿಗೂ ಅದೇ ಸೀಸ. ಎಷ್ಟು ಚಂದದ ಉಪಾಯ! ಟೀಚರ ತಕ್ಕಡಿ 500 ಎಂದಿತು, ಅಮ್ಮನದ್ದು 502. ಅದನ್ನು ಮನಸ್ಸಿನಲ್ಲೇ ಕಳೆದರೆ ಸಾಕು.

ಅಡುಗೆಮನೆಯ ಗ್ರಾನೈಟ್ ಕಟ್ಟೆ ಸಿಂಕ್ ಕಡೆಗೆ ಇಳಿಜಾರು, ಚಾವಡಿಯ ಕಾವಿ ನೆಲ ಬಾಗಿಲಿನ ಕಡೆಗೆ. ಊಟದ ಮೇಜಿನ ಮೇಲೆ ರಸಮಟ್ಟ ಇಟ್ಟು, ಒಂದು ಕಾಲಿನ ಅಡಿಗೆ ರಟ್ಟಿನ ತುಂಡು ಕೊಟ್ಟು ಗುಳ್ಳೆಯನ್ನು ನಡುವಿಗೆ ತಂದೆವು. ಎಡಬಲದ ಚಕ್ರಗಳನ್ನು ಜೋಡಿಸುವ ಸರಳುಗಳನ್ನು, ಅಂದರೆ ಆಂಟಿ ರೋಲ್ ಬಾರ್‌ಗಳನ್ನು, ಲೆಕ್ಕ ಕೆಡಿಸದಂತೆ ಕಳಚಿದೆವು. ಬ್ಯಾಟರಿಯನ್ನು ಅದರ ಜಾಗದಲ್ಲೇ ಕೂರಿಸಿ ವಯರ್ ಮಾತ್ರ ಸಿಕ್ಕಿಸಲಿಲ್ಲ, ಮೇಜಿನಿಂದ ಹಾರಿ ಅಮ್ಮನ ಕಾಲಿನ ಮೇಲೆ ಬೀಳುವುದು ಬೇಡ ನೋಡಿ. ಮೇಲಿನ ಬಾಡಿಯೂ ತೂಕವೇ, ಅದೂ ಇರಬೇಕು. ಗಾಡಿ ಇಟ್ಟ ಕೂಡಲೇ ಬರುವ ಅಂಕಿಯನ್ನು ನಂಬಬಾರದು. ಟಯರು ಹಿಡಿದುಕೊಂಡಿರುತ್ತದೆ, ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್ ಅರ್ಧಕ್ಕೆ ನಿಂತಿರುತ್ತದೆ. ಚಕ್ರದಡಿಗೆ ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ಟಾಲ್ಕಂ ಪೌಡರ್ ಹಾಕಿ, ಗಾಡಿಯನ್ನು ಮೆಲ್ಲ ಒತ್ತಿ ಬಿಟ್ಟು, ಕೆಲವು ಸಲದ ಸರಾಸರಿ ಬರೆದುಕೊಂಡೆವು.

ಮುಂದಿನ ಎಡ 575 ಗ್ರಾಂ, ಮುಂದಿನ ಬಲ 685. ಹಿಂದಿನ ಎಡ 733, ಹಿಂದಿನ ಬಲ 667. ಒಟ್ಟು 2,660. ಎಡಬದಿ 1,308, ಬಲಬದಿ 1,352. ಎಡಬಲದ ವ್ಯತ್ಯಾಸ 44 ಗ್ರಾಂ ಮಾತ್ರ. ಆದರೆ ಮೂಲೆಯಿಂದ ಮೂಲೆಗೆ ಕೂಡಿಸಿ ನೋಡಿ: ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿ 1,418, ಇನ್ನೊಂದು ಜೋಡಿ 1,242. ಅಂದರೆ 176 ಗ್ರಾಂ ಅಂತರ. ಹೀಗಿದ್ದಾಗ ಎಡ ತಿರುವಿನಲ್ಲಿ ಮೂತಿ ಅಗಲಕ್ಕೆ ಹೋಗುತ್ತದೆ, ಬಲ ತಿರುವಿನಲ್ಲಿ ಬಾಲ ಜಾರುತ್ತದೆ.

"ಮುಂದಿನ ಬಲದ ಸ್ಪ್ರಿಂಗ್ ಬಿಗಿ ಮಾಡಿದ್ದೆಯಾ?"

"ಹೌದು, ಆ ಬದಿ ತಗ್ಗಿತ್ತಲ್ಲ!"

ಕುರ್ಚಿಯ ಒಂದು ಕಾಲಿಗೆ ಹಲಗೆ ಕೊಟ್ಟರೆ ಅದೂ ಅದರ ಮೂಲೆಯೆದುರಿನ ಕಾಲೂ ಸೇರಿ ಭಾರ ಹೊರುತ್ತವೆ. ಇಲ್ಲಿ ಆದದ್ದೂ ಅದೇ. ಆ ಶಾಕ್‌ನ ಕಾಲರನ್ನು, ಅಂದರೆ ಸ್ಪ್ರಿಂಗ್ ಒತ್ತುವ ತಿರುಗಿಸುವ ಬಳೆಯನ್ನು, ಸಡಿಲಿಸಿ, ಮುಂದಿನ ಎಡದ್ದನ್ನು ಸ್ವಲ್ಪ ಬಿಗಿ ಮಾಡುತ್ತ ಬಂದೆವು. ಕೊನೆಗೆ ಅದೇ ಕ್ರಮದಲ್ಲಿ 619, 641, 689, 711 ಬಂತು. ಎರಡೂ ಮೂಲೆಜೋಡಿ 1,330ಕ್ಕೆ ಸಮ. ಹುಡುಗ ಕುಣಿದ. ಎಡಬದಿಯನ್ನು ಕೂಡಿಸು ಎಂದೆ. ಕೂಡಿಸಿದ: 1,308. ಬಲ 1,352. ಮೊದಲು ಎಷ್ಟಿತ್ತೋ ಅಷ್ಟೇ! ಕ್ಯಾಲ್ಕುಲೇಟರ್ ಕೆಟ್ಟಿದೆಯೋ ಎಂಬಂತೆ ಅದನ್ನು ತಿರುಗಿಸಿ ನೋಡಿದ. ಸ್ಪ್ರಿಂಗ್ ಎಷ್ಟೇ ತಿರುಗಿಸಿದರೂ ಭಾರ ಮೂಲೆಗಳ ನಡುವೆ ಹಂಚಿಕೆಯಾಗುತ್ತದೆಯೇ ಹೊರತು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದಿಲ್ಲ. ಅದಕ್ಕೆ ವಸ್ತುವನ್ನೇ ಸರಿಸಬೇಕು. ಶಾಕ್ ತಿರುಗಿಸುತ್ತ ದಿನಗಟ್ಟಲೆ ಕೂರುವವರಿಗೆ ನಾನು ಹೇಳುವುದು ಇದೊಂದನ್ನೇ.

44 ಗ್ರಾಂ ಎಲ್ಲಿಂದ ಬಂತು ಎಂಬುದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಮೊದಲಿದ್ದ ಆರು ಸೆಲ್‌ನ ನಿಕಲ್ ಬ್ಯಾಟರಿ ತೂಗಿದರೆ 385 ಗ್ರಾಂ, ಈಗಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 275. ಓಟ ಜೋರಾಯಿತು, ಎಡಬದಿ 110 ಗ್ರಾಂ ಕಳೆದುಕೊಂಡಿತು. ಬ್ಯಾಟರಿ ನಡುಗೆರೆಯಿಂದ ಐದು ಸೆಂಟಿಮೀಟರಿನಷ್ಟೇ ದೂರ ಇರುವುದರಿಂದ ಚಕ್ರದ ಲೆಕ್ಕದಲ್ಲಿ ಅದು 44 ಆಗಿ ಕಾಣಿಸಿತು. ಬಲಬದಿ ತಗ್ಗಿದ್ದು ಅದಕ್ಕೆ. ಇವನು ಸ್ಪ್ರಿಂಗ್ ಬಿಗಿ ಮಾಡಿದ್ದು ಆಮೇಲಿನ ಕತೆ.

ಒಳಬದಿಗೆ ಸ್ಪಂಜಿನ ತುಂಡು ಕೊಟ್ಟು ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಹೊರಗೆ ತಳ್ಳಿದೆವು, ಅರ್ಧ ಕೆಲಸ ಅಲ್ಲಿಗೇ ಆಯಿತು. ಉಳಿದದ್ದಕ್ಕೆ ಪಂಪ್‌ವೆಲ್ ಹತ್ತಿರದ ಟಯರ್ ಅಂಗಡಿಯಿಂದ ವೀಲ್ ಬ್ಯಾಲೆನ್ಸಿಂಗಿನ ಅಂಟಿಸುವ ತೂಕ ತಂದೆ. ಐದೈದು ಗ್ರಾಮಿನ ತುಂಡುಗಳ ಪಟ್ಟಿ, ಚಾಕಲೇಟಿನ ಹಾಗೆ ಮುರಿಯಬಹುದು. ಚಾಸಿಯ ಎಡ ಅಂಚಿನಲ್ಲಿ ಏಳು ತುಂಡು ಸಾಕಾಯಿತು. ಅಂಚಿಗೆ ಹೋದಷ್ಟೂ ಕಡಿಮೆ ತೂಕ ಸಾಕು. ಹುಡುಗ ಬ್ಯಾಟರಿಗೇ ಅಂಟಿಸಲಿಕ್ಕೆ ಹೊರಟಿದ್ದ, ನಾನು ಬಿಡಲಿಲ್ಲ, ಲಿಪೊ ಜತೆ ಆ ಸಲುಗೆ ಬೇಡ. ಮತ್ತೆ ತೂಗಿದಾಗ ಎಡಬಲದ ನಡುವೆ ಒಂದೆರಡು ಗ್ರಾಂ ಉಳಿಯಿತು. ಅಮ್ಮನ ತಕ್ಕಡಿಯ ತಪ್ಪೇ ಅಷ್ಟಿದೆ.

ಸಂಜೆ ಪಕ್ಕದ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ, ವಾಚ್‌ಮನ್ ಹತ್ತಿರ ಕೇಳಿ, ಎಂಟರ ಆಕಾರದಲ್ಲಿ ಓಡಿಸಿದ. ಎರಡು ಕಡೆಯ ಸುತ್ತೂ ಒಂದೇ ಅಗಲ. ಮುಂದೆಯೂ ನಾಲ್ಕು ತುಂಡು ಅಂಟಿಸುವ ಎಂದು ಹಠ ಹಿಡಿದಿದ್ದಾನೆ. ಈಗ ಮುಂದೆ ನೂರಕ್ಕೆ 47 ಪಾಲು, ಹಿಂದೆ 53. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗೆ ಅದು ಧಾರಾಳ. ಉಳಿದ ತುಂಡುಗಳನ್ನು ನಾನೇ ಇಟ್ಟುಕೊಂಡಿದ್ದೇನೆ.