ಬಳೆ ಹಾಕಿಕೊಂಡ ಹುಡುಗನಿಗೆ ಏನೂ ಆಗಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಆರೇಳು ವರ್ಷದ ಹುಡುಗ ಬಳೆ ಹಾಕಿಕೊಂಡು ಕುಣಿದರೆ, ಅಕ್ಕನ ಲಂಗ ಉಟ್ಟರೆ, ಹುಡುಗಿಯರ ಜೊತೆಗೇ ಆಡ್ತೀನಿ ಅಂತ ಹಟ ಹಿಡಿದರೆ ಅದು ಕಾಯಿಲೆ ಅಲ್ಲ. ಹುಡುಗಿ ಒಬ್ಬಳು ನನಗೆ ಜಡೆ ಬೇಡ, ಕೂದಲು ಕತ್ತರಿಸಿ ಅಂತ ಅತ್ತರೂ ಅಷ್ಟೇ. ಆದರೆ ಅದೇ ಮಗು ಊಟ ಬಿಟ್ಟರೆ, ರಾತ್ರಿ ಬೆಚ್ಚಿ ಎದ್ದರೆ, ಬಿಟ್ಟುಹೋಗಿದ್ದ ಅಭ್ಯಾಸ ಮರಳಿ ಬಂದು ಹಾಸಿಗೆ ಒದ್ದೆ ಮಾಡಿದರೆ, ದಿನಾ ಬೆಳಿಗ್ಗೆ ಶಾಲೆ ಹೊತ್ತಿಗೆ ಸರಿಯಾಗಿ ಹೊಟ್ಟೆ ನೋವು ಅಂದರೆ, ಆಗ ನಾವು ಎಚ್ಚರ ಆಗಬೇಕು. ನಾವು ನೋಡಿದರೆ ಉಲ್ಟಾ ಮಾಡುತ್ತೇವೆ. ಬಳೆ ಕಂಡರೆ ಗಾಬರಿ, ಹೊಟ್ಟೆ ನೋವು ಅಂದರೆ ‘ನಾಟಕ ಮಾಡ್ಲಿಕ್ಕತ್ತಾನ’.

ನಾನು ಕಲಬುರಗಿಯಲ್ಲಿ ಪ್ರಾಥಮಿಕ ಶಾಲೆ ಟೀಚರ್. ಪಾಲಕರ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಯಾರಾದರೊಬ್ಬ ತಾಯಿ ಹಿಂದೆ ಉಳಿದು, ದನಿ ತಗ್ಗಿಸಿ, “ಅಕ್ಕೋರ, ನಮ್ಮ ಹುಡುಗ ಹಿಂಗ್ಯಾಕ ಮಾಡ್ತಾನ್ರೀ, ಮುಂದ ಹೆಂಗ್ರೀ ಇವಂದು” ಅಂತ ಕೇಳುವುದು ನನಗೆ ಹೊಸದಲ್ಲ. ತಂದೆಯಂದಿರು ಕೇಳುವುದಿಲ್ಲ. ಮನೆಯಲ್ಲಿ ಹೊಡೆಯುತ್ತಾರೆ. ಆಮೇಲೆ ಹೆಂಡತಿಗೆ ‘ನೀನೇ ಕೆಡಿಸಿದಿ’ ಅನ್ನುತ್ತಾರೆ.

ಒಬ್ಬ ಹುಡುಗನ ವಿಷಯ ಹೇಳಬೇಕು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಎರಡನೇ ಕ್ಲಾಸಿನವನು, ಬಲು ಚುರುಕು. ಟವೆಲ್ಲನ್ನು ಸೆರಗು ಮಾಡಿಕೊಂಡು ಅಜ್ಜಿ ರೊಟ್ಟಿ ಬಡಿಯುವುದನ್ನು ಮಾಡಿ ತೋರಿಸುತ್ತಿದ್ದ. ಎರಡೂ ಅಂಗೈಯಿಂದ ಬೆಂಚಿನ ಮೇಲೆ ಪಟಪಟ ಬಡಿದು, ನಡುನಡುವೆ ಇಲ್ಲದ ಹಿಟ್ಟು ಉದುರಿಸಿ, ಹಂಚಿನ ಮೇಲೆ ತಿರುವಿ ಹಾಕುವಾಗ ಸುಟ್ಟ ಹಾಗೆ ಬೆರಳು ಊದಿಕೊಳ್ಳುತ್ತಿದ್ದ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು, ಅವನೂ ನಗುತ್ತಿದ್ದ. ಆಮೇಲೆ ಆ ಆಟ ನಿಂತಿತು. ಬೇಸಿಗೆ ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ, ಶಾಲೆಯನ್ನೇ ಬೆಳಗಿನ ಹೊತ್ತಿಗೆ ಹಾಕುತ್ತಾರೆ. ಉಳಿದ ಮಕ್ಕಳು ಬಾಟಲಿ ಖಾಲಿ ಮಾಡಿ ಮತ್ತೆ ತುಂಬಿಸಲು ಓಡುವಾಗ ಇವನ ಬಾಟಲಿ ಮಾತ್ರ ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು. ತುಟಿ ಒಡೆದು ಕರ್ರಗಾಗಿತ್ತು. ಪಕ್ಕದಲ್ಲಿ ಕೂತು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, “ನೀರು ಕುಡದ್ರ ಒಂದಕ್ಕ ಬರ್ತದ್ರೀ ಅಕ್ಕೋರ” ಅಂದ.

ಟಾಯ್ಲೆಟ್ ಬಾಗಿಲಿಗೆ ಚಿಲಕ ಇರಲಿಲ್ಲ. ದೊಡ್ಡ ಕ್ಲಾಸಿನ ಹುಡುಗರು ಬಾಗಿಲು ತಳ್ಳಿ ನಿಂತು “ಹುಡುಗ್ಯಾರ ಕಡಿ ಹೋಗಲೇ” ಅಂತ ನಗುತ್ತಿದ್ದರಂತೆ. ಏಳು ವರ್ಷದ ಕೂಸು ಆ ನಗು ತಪ್ಪಿಸಿಕೊಳ್ಳಲು ಆ ಬಿಸಿಲಲ್ಲಿ ದಿನವಿಡೀ ಬಾಯಾರಿಕೊಂಡು ಕೂತಿತ್ತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಚಿಲಕ ಹಾಕಿಸಿದೆವು, ಅಲ್ಲಿಯವರೆಗೆ ಸ್ಟಾಫ್ ಟಾಯ್ಲೆಟ್ ಕೊಟ್ಟೆವು, ದೊಡ್ಡ ಹುಡುಗರನ್ನು ಕೂರಿಸಿಕೊಂಡು ಇವನ ಹೆಸರೆತ್ತದೆ ಮಾತಾಡಿದೆವು. ಬಾಟಲಿ ಖಾಲಿಯಾಗತೊಡಗಿತು. ಅವನಿಗೆ ಬೇಕಿದ್ದ ‘ಚಿಕಿತ್ಸೆ’ ಅಷ್ಟೇ ಆಗಿತ್ತು.

ಈಗ ತಿಳಿದಿರಬೇಕಾದ ವಿಷಯಕ್ಕೆ ಬರುತ್ತೇನೆ. ಎರಡು ಮೂರು ವರ್ಷಕ್ಕೆ ಮಕ್ಕಳು ನಾನು ಹುಡುಗ, ನಾನು ಹುಡುಗಿ ಅಂತ ಹೇಳಲು ಶುರು ಮಾಡುತ್ತವೆ. ಐದರ ತನಕ ಎಷ್ಟೋ ಮಕ್ಕಳಿಗೆ ಬಟ್ಟೆ, ಕೂದಲು ಬದಲಾದರೆ ಹುಡುಗ ಹುಡುಗಿ ಆಗಿಬಿಡುತ್ತಾನೆ ಅನ್ನಿಸುತ್ತಿರುತ್ತದೆ. ಆರೇಳು ವರ್ಷದ ಹೊತ್ತಿಗೆ ಇದು ತಿಳಿಯಾಗುತ್ತದೆ. ಇದರ ನಡುವೆ ಉಡುವುದು, ತೊಡುವುದು, ಅಮ್ಮ ಆಗುವುದು, ಅಪ್ಪ ಆಗುವುದು, ಎಲ್ಲ ಆಟ ನಡೆಯುತ್ತದೆ. ಕೆಲವು ಮಕ್ಕಳು ಮಾತ್ರ ವರ್ಷಗಟ್ಟಲೆ, ಒಂದೇ ಮಾತಿನಲ್ಲಿ, “ನಾ ಹುಡುಗ ಅಲ್ಲ” ಅನ್ನುತ್ತಲೇ ಇರುತ್ತವೆ. ಅದೂ ಹುಚ್ಚಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ಹೊರಗೆ ತೆಗೆಯಿತು. 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರಿಂದ ಜಾರಿಯಲ್ಲಿದೆ. ಬರೀ ಆಟ, ಬಟ್ಟೆ ನೋಡಿ ಮಗುವಿಗೆ ಒಂದು ಹೆಸರು ಹಚ್ಚಬಾರದು ಅಂತಲೂ ಅದರಲ್ಲಿದೆ. ಈ ವಯಸ್ಸಿಗೆ ಇದಕ್ಕೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಆಪರೇಷನ್ ಅಂತೂ ಇಲ್ಲವೇ ಇಲ್ಲ. ಹಾಗಾಗಿ ‘ಡಾಕ್ಟರ್ ಏನು ಮಾಡಿಬಿಡ್ತಾರೋ’ ಅಂತ ಹೆದರುವ ಕಾರಣವೂ ಇಲ್ಲ.

ಅಮೆರಿಕದಲ್ಲಿ 3ರಿಂದ 12 ವರ್ಷದೊಳಗಿನ 73 ಟ್ರಾನ್ಸ್ ಮಕ್ಕಳನ್ನು, ಅಂದರೆ ಹುಟ್ಟಿದಾಗ ಹುಡುಗ ಅಥವಾ ಹುಡುಗಿ ಅಂದದ್ದು ತಮಗೆ ಹೊಂದುವುದಿಲ್ಲ ಅನ್ನುವ ಮಕ್ಕಳನ್ನು, ನೋಡಿ ಮಾಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎಲ್ಲರೂ ಮನೆಯವರು ಒಪ್ಪಿಕೊಂಡ ಮಕ್ಕಳು. ಅವರಲ್ಲಿ ಖಿನ್ನತೆ ಉಳಿದ ಮಕ್ಕಳಷ್ಟೇ ಇತ್ತು, ಆತಂಕ ಮಾತ್ರ ಸ್ವಲ್ಪ ಜಾಸ್ತಿ. ಅಲ್ಲಿಯ ಮನೆ ಬೇರೆ, ನಮ್ಮ ವಾಡೆ ಬೇರೆ, ಒಪ್ಪುತ್ತೇನೆ. ಆದರೆ ಅಮ್ಮ ಅಪ್ಪ ತನ್ನ ಪಕ್ಕ ಇದ್ದಾರೆ ಅನ್ನೋ ಧೈರ್ಯ ಎಲ್ಲ ಊರಿನ ಮಕ್ಕಳಿಗೂ ಬೇಕು, ಅಲ್ವಾ?

ನಮ್ಮ ಭಾಗದಲ್ಲಿ ಇನ್ನೊಂದು ದಾರಿ ಇದೆ. ಹುಡುಗ ಸ್ವಲ್ಪ ಮೆತ್ತಗಿದ್ದರೆ ಸಾಕು, ಯಾರೋ ಹಿರಿಯರು “ಎಲ್ಲಮ್ಮ ಹಿಡದಾಳ, ಮುತ್ತು ಕಟ್ಟಿಸ್ರಿ” ಅನ್ನುತ್ತಾರೆ. ಮುತ್ತು ಕಟ್ಟಿಸುವುದು ಅಂದರೆ ದೇವಿಗೆ ಬಿಟ್ಟು ಜೋಗಪ್ಪ ಮಾಡುವುದು. ಹಾಗೆ ಎಲ್ಲಮ್ಮನ ಸೇವೆಯಲ್ಲಿ ಹೆಣ್ಣುಡುಗೆ ಉಟ್ಟು ಬದುಕುವ ಜೋಗಪ್ಪಗಳ ಬಗ್ಗೆ ನನಗೆ ಗೌರವವಿದೆ. ಮನೆಯಿಂದ ಹೊರಗೆ ಬಿದ್ದ ಎಷ್ಟೋ ಜನರಿಗೆ ಆ ಪರಂಪರೆ ಒಂದು ನೆಲೆ ಕೊಟ್ಟಿದೆ. ಆದರೆ ಎಂಟು ವರ್ಷದ ಮಗುವಿನ ಇಡೀ ಬದುಕನ್ನು ಒಂದು ಮಧ್ಯಾಹ್ನ ಕಟ್ಟೆ ಮೇಲೆ ಕೂತು ದೊಡ್ಡವರು ತೀರ್ಮಾನ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಇದೇ ಪರಂಪರೆಯ ಟ್ರಾನ್ಸ್ ಕಲಾವಿದೆ, ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೋ ನಮ್ಮ ವಾಟ್ಸಾಪಿನಲ್ಲೆಲ್ಲ ಓಡಾಡಿತು. ಎಲ್ಲರೂ ಚಪ್ಪಾಳೆ ಹಾಕಿದರು. ಚಿಕ್ಕ ವಯಸ್ಸಿನಲ್ಲಿ ನೋವು ತಾಳಲಾರದೆ ವಿಷ ಕುಡಿದಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಇದರ ಇನ್ನೊಂದು ತುದಿಯೂ ನನಗೆ ಹಿಡಿಸುವುದಿಲ್ಲ. ಮಗು ಎರಡು ದಿನ ಫ್ರಾಕ್ ಹಾಕಿದ್ದಕ್ಕೆ ಇವನು ಟ್ರಾನ್ಸ್ ಅಂತ ನಾವೇ ನಿರ್ಧರಿಸುವುದೂ ಅವಸರವೇ. ಹೀಗೆ ಆಡಿದ ಮಕ್ಕಳಲ್ಲಿ ಕೆಲವರು ದೊಡ್ಡವರಾದ ಮೇಲೂ ಅದೇ ಮಾತು ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಆರು ವರ್ಷಕ್ಕೆ ಅದನ್ನು ಯಾರೂ ಹೇಳಲಾರರು. ಇವತ್ತು ಮಗು ಏನು ಹೇಳುತ್ತಿದೆ ಅದನ್ನು ಕೇಳಿಸಿಕೊಂಡು, ನಾಳೆ ಬೇರೆ ಹೇಳಿದರೆ ಅದಕ್ಕೂ ಜಾಗ ಇಟ್ಟರೆ ಸಾಕು.

ಹುಡುಗಿಯರ ಕಥೆ ಬೇರೆ ಥರ. ಚಿಕ್ಕವಳಿದ್ದಾಗ ಅಂಗಿ ಚಡ್ಡಿ ಹಾಕಿಕೊಂಡು ಗಲ್ಲಿಯಲ್ಲಿ ಕ್ರಿಕೆಟ್ ಆಡಿದರೆ “ಮಗನಂಗ ಬೆಳಸೀವ್ರಿ” ಅಂತ ಹೆಮ್ಮೆ. ಹತ್ತು ಹನ್ನೊಂದಕ್ಕೆ ಬರುತ್ತಿದ್ದಂತೆ ಅದೇ ಬಾಯಿ “ಗಂಡುಬೀರಿ” ಅನ್ನುತ್ತದೆ. ನಿನ್ನೆ ತನಕ ಮುದ್ದಾಗಿದ್ದದ್ದು ಇವತ್ತು ಯಾಕೆ ತಪ್ಪಾಯಿತು ಅಂತ ಆ ಹುಡುಗಿಗೆ ಯಾರೂ ಹೇಳುವುದಿಲ್ಲ. ಅವಳು ಮಾತು ಕಡಿಮೆ ಮಾಡುತ್ತಾಳೆ. ನಾವು ‘ಈಗ ಶಾಣ್ಯಾಕಿ ಆದಳು’ ಅಂದುಕೊಳ್ಳುತ್ತೇವೆ. ನನಗೆ ಹೆಚ್ಚು ಭಯ ಆಗುವುದು ಇಂಥ ಸುಮ್ಮನಾದ ಮಕ್ಕಳನ್ನು ಕಂಡಾಗಲೇ.

ಶಿಕ್ಷಕ ಗೆಳೆಯರಿಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕ್ಲಾಸಿನಲ್ಲಿ ‘ಏನಮ್ಮಾ’ ಅಂತ ಹುಡುಗನನ್ನು ಕರೆದು ನಗಿಸುವುದೂ ನನ್ನ ಲೆಕ್ಕದಲ್ಲಿ ಅದೇ. ಟೀಚರ್ ಒಂದು ಸಲ ನಕ್ಕರೆ ಮಕ್ಕಳಿಗೆ ವರ್ಷವಿಡೀ ನಗಲು ಲೈಸೆನ್ಸ್ ಸಿಕ್ಕ ಹಾಗೆ. ಪಾಲಕರಿಗೂ ಒಂದು ಮಾತು: ಟ್ರಾನ್ಸ್‌ಜೆಂಡರ್ ಅನ್ನುವ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡುವಂತಿಲ್ಲ ಅಂತ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಲ್ಲಿ ಬರೆದಿದ್ದಾರೆ. ಕೋರ್ಟ್ ಹೇಳಿದರೆ ಮಾತ್ರ ಬೇರೆ ಮಾತು.

ಮಗು ನಿಜವಾಗಿ ಕುಗ್ಗಿದೆ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಹೊಡೆಯುತ್ತಿದ್ದರೆ, ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಕಲಬುರಗಿಯವರಿಗೆ ಜಿಮ್ಸ್, ಬೀದರದವರಿಗೆ ಬ್ರಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಯಾದಗಿರಿಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇದ್ದಾರೆ. ಹೋದಾಗ “ನಮ್ಮ ಹುಡುಗನ್ನ ಗಂಡಸು ಮಾಡ್ರಿ” ಅನ್ನಬೇಡಿ. “ಊಟ ಮಾಡವಲ್ಲ, ಮಲಗವಲ್ಲ, ಶಾಲಿಗಿ ಅಂದ್ರ ಅಳ್ತಾನ” ಅಂತ ಕಂಡದ್ದನ್ನು ಹೇಳಿ. ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೃತ್ತಿಗೆ ತಕ್ಕುದಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಆದ್ದರಿಂದ ಯಾರಾದರೂ ನಾಲ್ಕು ಬಾರಿಸಿ, ಸರಿ ಹೋಗ್ತಾನೆ ಅಂದರೆ, ಎಷ್ಟೇ ದೊಡ್ಡ ಬೋರ್ಡ್ ಇರಲಿ, ಮಗುವಿನ ಕೈ ಹಿಡಿದು ಎದ್ದು ಬನ್ನಿ, ಇನ್ನೊಬ್ಬರ ಹತ್ತಿರ ಹೋಗಿ.