ಮನೆಗೂ ಸ್ಟೇಜಿಗೂ ಒಂದೇ ಬೇಸ್ ಆಂಪ್

ಭಾನುವಾರ, 9 ಮಾರ್ಚ್ 2025

ನನ್ನ ಬೇಸ್ ಗಿಟಾರಿಗೆ ಯಾವ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫಯರ್) ಕೊಳ್ಳುವುದು ಅನ್ನುವ ವಿಷಯ ಇವತ್ತು ಇತ್ಯರ್ಥವಾಯಿತು. 100 ವ್ಯಾಟ್, 12 ಇಂಚಿನ ಒಂದು ಸ್ಪೀಕರ್, ಡಿಐ ಔಟ್‌ಪುಟ್ (ಬೇಸ್ ಸಿಗ್ನಲನ್ನು ನೇರವಾಗಿ ಮಿಕ್ಸರ್‌ಗೆ ಕಳಿಸುವ ಜಾಗ), ಹೆಡ್‌ಫೋನ್ ಜ್ಯಾಕ್. ಇಷ್ಟು ಇರುವ ಹಗುರವಾದ ಒಂದು ಕಾಂಬೋ, ಅಂದರೆ ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು, ನನಗೆ ಸಾಕು. ರಾತ್ರಿ ಮನೆಯಲ್ಲಿ ಪ್ರಾಕ್ಟೀಸ್ ಮಾಡಲೂ ಅದೇ ಆಗಬೇಕು, ಐವತ್ತು ಅರವತ್ತು ಜನ ಕೂರುವ ಜಾಗದಲ್ಲಿ ಡ್ರಮ್ಸ್ ಜೊತೆ ನುಡಿಸಲೂ ಅದೇ ಆಗಬೇಕು. ಈ ತೀರ್ಮಾನಕ್ಕೆ ಹೇಗೆ ಬಂದೆ ಅಂತ ಮರೆಯುವ ಮುಂಚೆ ಬರೆದಿಡುತ್ತೇನೆ. ಇದೇ ಗೊಂದಲದಲ್ಲಿ ಇರುವವರು ಬಹಳ ಜನ. ಅವರಿಗೂ ಉಪಯೋಗವಾಗಲಿ.

ಎಲ್ಲರೂ ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. ನಮ್ಮ ಗಿಟಾರಿಸ್ಟ್ 15 ವ್ಯಾಟಿನ ಟ್ಯೂಬ್ ಆಂಪ್ ಇಟ್ಟುಕೊಂಡು ಡ್ರಮ್ಸ್ ಎದುರು ಆರಾಮಾಗಿ ನಿಲ್ಲುತ್ತಾನೆ. ಬೇಸ್‌ನಲ್ಲಿ ಅದು ನಡೆಯುವುದಿಲ್ಲ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್, ಬೇಸ್‌ನ ದಪ್ಪ ತಂತಿ, ಅಂದರೆ ಇ ತಂತಿ, ಸುಮಾರು 41. ಸ್ವರ ಒಂದು ಆಕ್ಟೇವ್ ಕೆಳಗಿಳಿದರೆ, ಅಂದರೆ ಹರ್ಟ್ಸ್ ಅರ್ಧವಾದರೆ, ಅದೇ ಮಟ್ಟದ ಸದ್ದು ಹೊರಡಿಸಲು ಅದೇ ಸ್ಪೀಕರ್ ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಆಡಬೇಕು. ಸಾಲದ್ದಕ್ಕೆ ನಮ್ಮ ಕಿವಿಯೂ ಕೆಳಗಿನ ಸ್ವರಗಳಿಗೆ ಮಂದ. ಬೇಸ್ ಆಂಪ್‌ಗಳ ಮೇಲೆ ದೊಡ್ಡ ದೊಡ್ಡ ನಂಬರ್ ಇರುವುದು ಅದಕ್ಕೇ.

ಆದರೆ ಆ ನಂಬರ್‌ಗೆ ಮರುಳಾಗಬೇಕಿಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತಿರ ಹತ್ತಿರ 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 40ರಿಂದ 100ಕ್ಕೆ ಹೋದರೆ ಸಿಗುವುದು 4 ಡೆಸಿಬೆಲ್. 100ರಿಂದ 500ಕ್ಕೆ ಹೋದರೆ 7. ಅಷ್ಟೇ! ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟಿಗೆ ಅದು ಎಷ್ಟು ಜೋರು ಸದ್ದು ಕೊಡುತ್ತದೆ ಅನ್ನುವುದೂ, ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸೆನ್ಸಿಟಿವಿಟಿ 3 ಡೆಸಿಬೆಲ್ ಜಾಸ್ತಿ ಇರುವ ಸ್ಪೀಕರ್ ಹಾಕಿದರೆ ವ್ಯಾಟ್ ದುಪ್ಪಟ್ಟು ಮಾಡಿದಷ್ಟೇ ಫಲ. ಇದನ್ನು ಬಾಕ್ಸಿನ ಮೇಲೆ ದಪ್ಪ ಅಕ್ಷರದಲ್ಲಿ ಯಾರೂ ಬರೆಯುವುದಿಲ್ಲ.

ಹಾಗಾದರೆ ಸಣ್ಣದೇ ಸಾಕಲ್ವಾ? ಅದನ್ನು ನೋಡೋಣ ಅಂತಲೇ ಗೆಳೆಯನ ಬಳಿಯಿಂದ 25 ವ್ಯಾಟ್, 8 ಇಂಚಿನ ಆಂಪ್ ತಂದು ಇಟ್ಟುಕೊಂಡಿದ್ದೆ. ಮನೆಯಲ್ಲಿ ಅದು ಬಂಗಾರ. ಇವತ್ತು ರಿಹರ್ಸಲ್‌ಗೆ ಅದನ್ನೂ, ಇನ್ನೊಬ್ಬರಿಂದ ತಂದ 100 ವ್ಯಾಟಿನದನ್ನೂ ಒಯ್ದೆ. ಡ್ರಮ್ಸ್ ಶುರುವಾದ ಮೇಲೆ ಸಣ್ಣದರ ವಾಲ್ಯೂಮ್ ಮುಕ್ಕಾಲು ದಾಟಿಸಬೇಕಾಯಿತು. ಆಗ ಇ ತಂತಿಯ ಮೇಲೆ ಬೆರಳಿನ 'ಟಕ್' ಮಾತ್ರ ಕೇಳುತ್ತಿತ್ತು, ಹಿಂದೆ ಬರಬೇಕಾದ ಸ್ವರವೇ ಇಲ್ಲ. ತಂತಿ ಮೀಟಿದ ಮೊದಲ ಕ್ಷಣದಲ್ಲಿ ಸಿಗ್ನಲ್ ದಿಢೀರ್ ಅಂತ ಏರುತ್ತದೆ. ಅದನ್ನು ತಡೆದುಕೊಳ್ಳಲು ಆಂಪ್‌ನಲ್ಲಿ ಇನ್ನೂ ಜಾಗ ಉಳಿದಿರಬೇಕು. ಅದು ಇರಲಿಲ್ಲ. 100 ವ್ಯಾಟಿನದು ಅರ್ಧದಲ್ಲೇ ನಿರಾಳವಾಗಿ ನುಡಿಯಿತು. ಡೆಸಿಬೆಲ್ ಲೆಕ್ಕದಲ್ಲಿ ಇವೆರಡರ ನಡುವಿನ ಅಂತರ 6 ಅಷ್ಟೇ. ಆದರೆ ದೊಡ್ಡ ಸ್ಪೀಕರ್, ದೊಡ್ಡ ಪೆಟ್ಟಿಗೆ ಎರಡೂ ಸೇರಿದಾಗ ಡ್ರಮ್ಸ್ ಪಕ್ಕ ಆ ಅಂತರ ಬಹಳ ದೊಡ್ಡದು.

ಪೆಟ್ಟಿಗೆ ಅಂದೆ. ಸ್ಪೀಕರ್ ಲೋಕದಲ್ಲಿ ಹಾಫ್‌ಮನ್‌ನ ಐರನ್ ಲಾ ಅಂತ ಒಂದು ಮಾತಿದೆ. ಪೆಟ್ಟಿಗೆ ಚಿಕ್ಕದಿರಬೇಕು, ಆಳದ ಬೇಸ್ ಬರಬೇಕು, ಕಡಿಮೆ ಪವರ್‌ನಲ್ಲಿ ಜೋರು ಸದ್ದು ಬರಬೇಕು. ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಬಹುದು, ಮೂರೂ ಸಿಗುವುದಿಲ್ಲ. ಅಂಗೈ ಅಗಲದ ಡಬ್ಬಿಯಿಂದ ಗುಡುಗು ಬರುತ್ತದೆ ಅಂತ ಯಾರಾದರೂ ಹೇಳಿದರೆ ಈ ಮಾತು ನೆನಪಿಟ್ಟುಕೊಳ್ಳಿ.

ಇವತ್ತು ನನಗೆ ತುಂಬಾ ಖುಷಿ ಕೊಟ್ಟದ್ದು ಮಾತ್ರ ಒಂದು ಕುರ್ಚಿ. ಆಂಪ್ ನೆಲದ ಮೇಲೆ, ಕಾಲ ಬುಡದಲ್ಲಿ ಇದ್ದಾಗ ನನಗೆ ನನ್ನ ಬೇಸ್ ಸರಿಯಾಗಿ ಕೇಳುತ್ತಿರಲಿಲ್ಲ. ದೂರದಲ್ಲಿ ಕೂತ ಡ್ರಮ್ಮರ್ ಮಾತ್ರ 'ಸ್ವಲ್ಪ ಕಡಿಮೆ ಮಾಡು' ಅನ್ನುತ್ತಿದ್ದ. ಅದನ್ನು ಎತ್ತಿ ಕುರ್ಚಿಯ ಮೇಲಿಟ್ಟು ಕಿವಿಯ ಕಡೆ ತುಸು ಓರೆ ಮಾಡಿದೆ. ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿತು! ಸ್ಪೀಕರಿನ ಮಧ್ಯದ ಮತ್ತು ಮೇಲಿನ ಸ್ವರಗಳು ನೇರವಾಗಿ ಮುಂದೆ ಹೋಗುತ್ತವೆ, ಬೇಸ್ ಎಲ್ಲಾ ಕಡೆ ಹರಡುತ್ತದೆ. ನೆಲದ ಮೇಲೆ ಇಟ್ಟಾಗ ಆ ಸ್ಪಷ್ಟತೆ ನಮ್ಮ ಮೊಣಕಾಲಿಗೆ ಬಡಿದು ಹೋಗುತ್ತಿರುತ್ತದೆ. ಕುರ್ಚಿಯ ಮೇಲೆ ಇಟ್ಟ ಮೇಲೆ ವಾಲ್ಯೂಮ್ ಇಳಿಸಿದೆ. ಬೇಸ್ ನಾಬ್ ಮುಟ್ಟದೆ ಲೋ ಮಿಡ್ ಒಂಚೂರು ಏರಿಸಿದೆ, ಅಂದರೆ 250ರಿಂದ 800 ಹರ್ಟ್ಸ್ ಆಸುಪಾಸು. ಬ್ಯಾಂಡ್ ನಡುವೆ ಬೇಸ್ ಎದ್ದು ಕೇಳುವುದು ಅಲ್ಲೇ. 41 ಹರ್ಟ್ಸ್ ಪೂರ್ತಿ ಬರದೆ ಇದ್ದರೂ 82, 123 ಹೀಗೆ ಅದರ ಜೊತೆಗೇ ಹುಟ್ಟುವ ಮೇಲಿನ ಹಾರ್ಮೋನಿಕ್‌ಗಳು (ಎರಡು, ಮೂರು ಪಟ್ಟು ಹರ್ಟ್ಸ್‌ನ ಸ್ವರಗಳು) ಚೆನ್ನಾಗಿ ಬಂದರೆ ನಮ್ಮ ಮಿದುಳು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಆಂಪ್ ನೋಡುವಾಗ ಮಿಡ್ ಕಂಟ್ರೋಲ್ ಒಂದೇ ಇದೆಯೋ, ಲೋ ಮಿಡ್, ಹೈ ಮಿಡ್ ಬೇರೆಬೇರೆ ಇವೆಯೋ ನೋಡಿ. ಹತ್ತಾರು ಎಫೆಕ್ಟ್‌ಗಳಿಗಿಂತ ಈ ಎರಡು ನಾಬ್ ನನಗೆ ಹೆಚ್ಚು.

ಮನೆಯ ಕಥೆ ಬೇರೆ. ಕಡಿಮೆ ವಾಲ್ಯೂಮ್‌ನಲ್ಲಿ ಕಿವಿಗೆ ಬೇಸ್ ಇನ್ನೂ ಕಮ್ಮಿ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದಾರೆ. ಹಾಗಾಗಿ ರಾತ್ರಿ ಮೆಲ್ಲಗೆ ನುಡಿಸುವಾಗ ಬೇಸ್ ನಾಬ್ ತಾನಾಗಿ ಮೇಲೆ ಹೋಗುತ್ತದೆ. ಅದೇ ಸೆಟ್ಟಿಂಗ್ ಸ್ಟೇಜಿಗೆ ಹೋದರೆ ಎಲ್ಲಾ ಕಲಸುಮೇಲೋಗರ. ಮನೆಗೊಂದು, ಸ್ಟೇಜಿಗೊಂದು ಸೆಟ್ಟಿಂಗ್ ಬರೆದು ಆಂಪ್ ಹಿಂದೆ ಅಂಟಿಸಿಬಿಡುವುದು ಒಳ್ಳೆಯದು.

ಕೋಣೆಯೂ ಆಟ ಆಡುತ್ತದೆ. ನನ್ನ ಕೋಣೆಯ ಉದ್ದ ಮೂರೂವರೆ ಮೀಟರ್. ಇ ತಂತಿಯಲ್ಲಿ ಒಂದೊಂದೇ ಫ್ರೆಟ್ (ಬೆರಳು ಒತ್ತುವ ಮನೆ) ಹತ್ತುತ್ತಾ ಹೋದರೆ ಮೂರನೇ ಫ್ರೆಟ್‌ನ ಜಿ ಬಂದಾಗ ಕಪಾಟಿನ ಬಾಗಿಲು ನಡುಗುತ್ತದೆ. ಐದನೇ ಫ್ರೆಟ್‌ನ ಎ ಮತ್ತೆ ಸಾಧಾರಣ. ಯಾವ ಆಂಪ್ ಇಟ್ಟರೂ ಹೀಗೇ. ಲೆಕ್ಕ ಹಾಕಿ ನೋಡಿದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಕೋಣೆ ಉದ್ದದ ಎರಡರಷ್ಟಕ್ಕೆ, ಅಂದರೆ 7ಕ್ಕೆ ಭಾಗಿಸಿದರೆ ಆ ಉದ್ದಕ್ಕೆ ಮೊರೆಯುವ ಸ್ವರ ಸಿಗುತ್ತದೆ, 49 ಹರ್ಟ್ಸ್. ಆ ಜಿ ಸ್ವರವೂ 49 ಹರ್ಟ್ಸ್! ಗೋಡೆಯ ಪಕ್ಕ ಕೂತರೆ ಅದು ಮೊರೆಯುತ್ತದೆ, ಕೋಣೆಯ ಮಧ್ಯಕ್ಕೆ ಕುರ್ಚಿ ಎಳೆದುಕೊಂಡರೆ ಬಹುಪಾಲು ಮಾಯ. ಆಂಪನ್ನು ಮೂಲೆಯಿಂದ ಈಚೆ ತಂದ ಮೇಲೆ ಎಷ್ಟೋ ಸುಧಾರಿಸಿತು. ಕೊಳ್ಳುವ ಮುಂಚೆ ನಿಮ್ಮ ಕೋಣೆಯ ಉದ್ದ ಅಗಲ ಅಳೆದು ಈ ಲೆಕ್ಕ ಮಾಡಿಕೊಳ್ಳಿ. ಒಂದು ಸ್ವರ ಜಾಸ್ತಿ ಗುಂಯ್‌ಗುಟ್ಟುತ್ತದೆ ಅಂತ ಒಳ್ಳೆಯ ಆಂಪ್ ಬಿಡುವುದು ಬೇಡ.

ಮನೆಗೆ ಹೆಡ್‌ಫೋನ್ ಜ್ಯಾಕ್ ಇರಲೇಬೇಕು. ಅದಕ್ಕೆ ಪ್ಲಗ್ ಹಾಕಿದಾಗ ಸ್ಪೀಕರ್ ಬಂದ್ ಆಗುತ್ತದೆಯೇ ನೋಡಿ. ಹಾಡಿನ ಜೊತೆ ನುಡಿಸಲು ಆಕ್ಸ್ ಇನ್‌ಪುಟ್ ಇದ್ದರೆ ಅನುಕೂಲ. ಇನ್ನೊಂದು, ವಾಲ್ಯೂಮ್ ಸೊನ್ನೆ ಮಾಡಿ ಸುಮ್ನೆ ಒಂದು ನಿಮಿಷ ಕಿವಿ ಕೊಡಿ. ಕೆಲವು ಆಂಪ್‌ಗಳ ಫ್ಯಾನ್ ಸದ್ದು, ಟ್ವೀಟರ್‌ನ (ಮೇಲಿನ ಸ್ವರಗಳಿಗೆ ಇರುವ ಪುಟ್ಟ ಸ್ಪೀಕರ್) 'ಹಿಸ್' ಅಂಗಡಿಯ ಗಲಾಟೆಯಲ್ಲಿ ಗೊತ್ತೇ ಆಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅದೇ ತಲೆ ತಿನ್ನುತ್ತದೆ. ಟ್ವೀಟರ್‌ಗೆ ಆಫ್ ಸ್ವಿಚ್ ಇದ್ದರೆ ಬಹಳ ಒಳ್ಳೆಯದು.

ಇನ್ನು ಡಿಐ. ಸಣ್ಣ ಕಾರ್ಯಕ್ರಮಕ್ಕೆ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಒಳ್ಳೆಯ ಪಿಎ (ಜನರಿಗೆ ಕೇಳಿಸಲು ಇಡುವ ಮಿಕ್ಸರ್, ಸ್ಪೀಕರ್ ವ್ಯವಸ್ಥೆ) ಇದ್ದರೆ ಡಿಐಯಿಂದ ಎಕ್ಸ್‌ಎಲ್‌ಆರ್ ಕೇಬಲ್ (ಮೈಕಿಗೆ ಹಾಕುವಂಥದ್ದು) ಮಿಕ್ಸರ್‌ಗೆ ಕೊಟ್ಟು, ಆಂಪನ್ನು ನಮಗೂ ಡ್ರಮ್ಮರ್‌ಗೂ ಕೇಳುವಷ್ಟು ಮಾತ್ರ ಇಟ್ಟುಕೊಂಡರಾಯಿತು. ಸಿಗ್ನಲ್ ಟೋನ್ ನಾಬ್‌ಗಳಿಗೆ ಮುಂಚೆಯೇ (ಪ್ರೀ) ಹೋಗಬೇಕೋ, ಆಮೇಲೆ (ಪೋಸ್ಟ್) ಹೋಗಬೇಕೋ ಅಂತ ಆರಿಸುವ ಸ್ವಿಚ್ ಇದ್ದರೆ ಪ್ರೀನಲ್ಲಿ ಇಡಿ. ಆಗ ನಾವು ಸ್ಟೇಜ್ ಮೇಲೆ ಟೋನ್ ಬದಲಿಸಿದರೂ ಸೌಂಡ್ ಎಂಜಿನಿಯರ್ ಕೆಲಸ ಕೆಡುವುದಿಲ್ಲ. 'ಗುಂಯ್' ಅನ್ನುವ ಹಮ್ ಬಂದರೆ ಡಿಐ ಪಕ್ಕದ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಎಷ್ಟೋ ಕಡೆ ಪಿಎ ಅಂದರೆ ಹಾಡುವವರಿಗೆ ಅಂತ ಇಟ್ಟ ಎರಡು ಚಿಕ್ಕ ಬಾಕ್ಸ್ ಮಾತ್ರ. ಅದಕ್ಕೆ ಬೇಸ್ ತುರುಕಿದರೆ ಹಾಡೂ ಕೆಡುತ್ತದೆ. ಆಗ ಆಂಪ್ ಒಂದೇ ಇಡೀ ಜಾಗಕ್ಕೆ ಆಗಬೇಕು. 40 ವ್ಯಾಟಿನ ಆಂಪ್ ಬೇಡ ಅಂತ ನಾನು 100ಕ್ಕೆ ಹೋದದ್ದು ಇದೇ ಕಾರಣಕ್ಕೆ.

ತೂಕದ ವಿಷಯದಲ್ಲಿ ನಾವು ಒಳ್ಳೆಯ ಕಾಲದಲ್ಲಿ ಹುಟ್ಟಿದ್ದೇವೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟಿನ ಟ್ಯೂಬ್ ಆಂಪ್. ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಒಂದೇ 40 ಕೆಜಿ ಹತ್ತಿರ, ಅದರ ಜೊತೆ 10 ಇಂಚಿನ ಎಂಟು ಸ್ಪೀಕರ್ ಇರುವ ಬೀರುವಿನಂಥ ಕ್ಯಾಬಿನೆಟ್. ಈಗ ಕ್ಲಾಸ್ ಡಿ ಅನ್ನುವ ಹಗುರ ಆಂಪ್ ತಂತ್ರದಿಂದ 500 ವ್ಯಾಟಿನ ಹೆಡ್ ಕೂಡ ಬ್ಯಾಗಿನ ಜೇಬಿನಲ್ಲಿ ಹೋಗುತ್ತದೆ. ನಾನು ಇವತ್ತು ನುಡಿಸಿದ ಫೆಂಡರ್ ರಂಬಲ್ 100 ಸುಮಾರು 10 ಕೆಜಿ. ಒಂದು ಕೈಯಲ್ಲಿ ಆಂಪ್, ಬೆನ್ನಿಗೆ ಬೇಸ್, ಒಂದೇ ಸಲಕ್ಕೆ ಮೆಟ್ಟಿಲು ಹತ್ತಿದೆ.

ಮುಂದೆ ದೊಡ್ಡ ಜಾಗಗಳಲ್ಲಿ ನುಡಿಸುವ ಯೋಚನೆ ಇರುವವರು ಕಾಂಬೋ ಬಿಟ್ಟು ಕ್ಲಾಸ್ ಡಿ ಹೆಡ್ ಜೊತೆ 8 ಓಮ್‌ನ (ಓಮ್ ಅಂದರೆ ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯ ಅಳತೆ) ಒಂದು 12 ಇಂಚಿನ ಕ್ಯಾಬಿನೆಟ್ ತೆಗೆದುಕೊಳ್ಳುವುದು ಜಾಣತನ. ಆಮೇಲೆ ಅಂಥದ್ದೇ ಇನ್ನೊಂದು ಸೇರಿಸಿದರೆ ಒಟ್ಟು 4 ಓಮ್ ಆಗುತ್ತದೆ, ಹೆಡ್ ಹೆಚ್ಚು ಪವರ್ ಕೊಡುತ್ತದೆ. ಹೆಡ್ ಮೇಲೆ ಬರೆದಿರುವ ಕನಿಷ್ಠ ಓಮ್‌ಗಿಂತ ಕೆಳಗೆ ಮಾತ್ರ ಇಳಿಸಬೇಡಿ, ಸುಟ್ಟುಹೋಗಬಹುದು. ಗಿಟಾರ್ ಆಂಪ್‌ನಲ್ಲೇ ಸಂಭಾಳಿಸುತ್ತೇನೆ ಅನ್ನುವವರು ತೀರಾ ಮೆಲ್ಲಗೆ ನುಡಿಸಿದರೆ ಪರವಾಗಿಲ್ಲ. ಜೋರು ಮಾಡಿದರೆ ಅದರ ಸ್ಪೀಕರ್ ಉಳಿಯುವುದು ಕಷ್ಟ.

ನಾನು ಸೆಕೆಂಡ್ ಹ್ಯಾಂಡ್ ಹುಡುಕುತ್ತೇನೆ. ನೋಡಲು ಹೋದಾಗ ನನ್ನ ಬೇಸ್, ನನ್ನ ಕೇಬಲ್, ಒಂದು ಹೆಡ್‌ಫೋನ್ ಒಯ್ಯಬೇಕು. ಪ್ರತಿ ನಾಬ್ ಪೂರ್ತಿ ತಿರುಗಿಸಿ ಕರಕರ ಬರುತ್ತದೆಯೇ ಕೇಳಬೇಕು. ಇ ತಂತಿಯ ಪ್ರತಿ ಸ್ವರವನ್ನೂ ಜೋರಾಗಿ, ಉದ್ದಕ್ಕೆ ಹಿಡಿದು ಪೆಟ್ಟಿಗೆ ಎಲ್ಲಾದರೂ ಕಂಪಿಸುತ್ತದೆಯೇ ನೋಡಬೇಕು. ಸಾಧ್ಯವಾದರೆ ಡಿಐ ಅನ್ನು ಮಿಕ್ಸರ್‌ಗೆ ಹಾಕಿ ಕೇಳಬೇಕು. ಬುಧವಾರ ಮತ್ತೆ ರಿಹರ್ಸಲ್ ಇದೆ. ಅಷ್ಟರೊಳಗೆ ಸಿಗದಿದ್ದರೆ ಈ ಎರವಲು ಆಂಪನ್ನೇ ಇನ್ನೊಂದು ವಾರ ಇಟ್ಟುಕೊಳ್ಳಲು ಕೇಳಿದ್ದೇನೆ, ಒಪ್ಪಿದ್ದಾರೆ.