ಬೈಕ್ ಸಾಲದ ಅರ್ಹತೆ: ತೂಕ ಯಾವುದಕ್ಕೆ, ಎಷ್ಟು?

ಬೈಕ್ ಕೊಳ್ಳಲು ಶೋರೂಮಿಗೆ ಹೋದವರ ಆಧಾರ್, ಪ್ಯಾನ್ ಮತ್ತು ಮೊಬೈಲ್ ಸಂಖ್ಯೆಗಳನ್ನು ಅಲ್ಲಿ ಕುಳಿತ ಫೈನಾನ್ಸ್ ಪ್ರತಿನಿಧಿ ತುಂಬಿಸಿದರೆ, ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಸಾಲ ಸಿಗುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಆ ನಿಮಿಷಗಳಲ್ಲಿ ನಡೆಯುವ ಲೆಕ್ಕವನ್ನು ರೂಪಿಸುವುದೇ ನನ್ನ ಕೆಲಸವಾದ್ದರಿಂದ, ಅದರೊಳಗಿನ ಒಂದು ಸಂಗತಿಯನ್ನು ವಿವರವಾಗಿ ಬರೆಯಬೇಕೆನಿಸಿತು. ಅರ್ಜಿದಾರರು ಕೊಡುವ ಮಾಹಿತಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಯಾವ ಮಾಹಿತಿಗೆ ಎಷ್ಟು ತೂಕ ಕೊಡಬೇಕೆಂದು ನಾವು ಮೊದಲೇ ಮಾಡಿಟ್ಟ ತೀರ್ಮಾನವು ಫಲಿತಾಂಶವನ್ನು ನಿರ್ಧರಿಸುತ್ತದೆ.

ನಿರ್ಧಾರಕ್ಕೆ ನೆರವಾಗುವ ಈ ವ್ಯವಸ್ಥೆಗಳಲ್ಲಿ ಹಲವು ಬಗೆಗಳಿವೆ. ಹಳೆಯ ಸಾಲಗಳ ದತ್ತಾಂಶ ಹೇರಳವಾಗಿರುವ ಸಂಸ್ಥೆಗಳು ಲಾಜಿಸ್ಟಿಕ್ ರಿಗ್ರೆಶನ್‌ನಂತಹ ಸಂಖ್ಯಾಶಾಸ್ತ್ರೀಯ ಮಾದರಿಗಳನ್ನು ಕಟ್ಟಿಕೊಳ್ಳುತ್ತವೆ. ಅಷ್ಟು ದತ್ತಾಂಶವಿಲ್ಲದ ಕಡೆ ಸಿಂಪಲ್ ಅಡಿಟಿವ್ ವೇಯ್ಟಿಂಗ್ ಎಂಬ ಸರಳ ವಿಧಾನ ಸಾಕಾಗುತ್ತದೆ: ಪ್ರತಿ ಮಾನದಂಡದಲ್ಲೂ ಅರ್ಜಿದಾರರಿಗೆ ಅಂಕ ಕೊಟ್ಟು, ಅದನ್ನು 0ರಿಂದ 1ರೊಳಗೆ ತಂದು, ಆಯಾ ತೂಕದಿಂದ ಗುಣಿಸಿ ಕೂಡಿದರೆ ಮುಗಿಯಿತು.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಒಬ್ಬರು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ತಿಂಗಳ ಸಂಬಳಕ್ಕೆ ದುಡಿಯುವ ಮಹಿಳೆ; ಇನ್ನೊಬ್ಬರು ಗುಬ್ಬಿಯ ಕಡೆಯ ಹಳ್ಳಿಯಲ್ಲಿ ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ರೈತ. ಆದಾಯದ ಕ್ರಮಬದ್ಧತೆಯಲ್ಲಿ ಆಕೆಗೆ 5, ರೈತನಿಗೆ 2 ಅಂಕ. ಮರುಪಾವತಿಯ ಇತಿಹಾಸದಲ್ಲಿ ಆಕೆಗೆ 4, ಹಿಂದೆಂದೂ ಸಾಲ ಮಾಡದ ರೈತನಿಗೆ 1. ಆದರೆ ಈ ಬೈಕಿನ ಕಂತೂ ಸೇರಿ ಆದಾಯದಲ್ಲಿ ಕಂತುಗಳಿಗೆ ಹೋಗುವ ಪಾಲು ಆಕೆಗೆ ಶೇ. 40, ಈತನಿಗೆ ಶೇ. 20, ಡೌನ್ ಪೇಮೆಂಟ್ ಆಕೆಯದು ಶೇ. 15, ಈತನದು ಶೇ. 30. ಹೆಚ್ಚಿದ್ದಷ್ಟೂ ಒಳ್ಳೆಯದಾದ ಮಾನದಂಡದಲ್ಲಿ ಪ್ರತಿಯೊಬ್ಬರ ಅಂಕಿಯನ್ನು ಇಬ್ಬರಲ್ಲಿ ಗರಿಷ್ಠವಾದ ಅಂಕಿಯಿಂದ ಭಾಗಿಸಬೇಕು. ಸಾಲದ ಹೊರೆಯಂತೆ ಕಡಿಮೆಯಿದ್ದಷ್ಟೂ ಒಳ್ಳೆಯದಾದುದಕ್ಕೆ ಇಬ್ಬರಲ್ಲಿ ಕನಿಷ್ಠವಾದ ಅಂಕಿಯನ್ನೇ ಪ್ರತಿಯೊಬ್ಬರ ಅಂಕಿಯಿಂದ ಭಾಗಿಸಬೇಕು. ಆಗ ಇದೇ ಕ್ರಮದಲ್ಲಿ ಆಕೆಗೆ 1, 1, 0.5, 0.5 ಮತ್ತು ರೈತನಿಗೆ 0.4, 0.25, 1, 1 ಸಿಗುತ್ತವೆ. ತೂಕಗಳು 0.4, 0.3, 0.2, 0.1 ಎಂದಿದ್ದರೆ ಆಕೆಗೆ 0.85, ರೈತನಿಗೆ 0.535. ಅದೇ ತೂಕಗಳನ್ನು 0.2, 0.2, 0.4, 0.2 ಎಂದು ಬದಲಿಸಿದರೆ ಆಕೆಗೆ 0.70, ರೈತನಿಗೆ 0.73. ಇಬ್ಬರ ಬದುಕಿನಲ್ಲೂ ಏನೂ ಬದಲಾಗಿಲ್ಲ, ಆದರೂ ಯಾರು ಮುಂದೆ ಎಂಬುದು ತಿರುಗಿಬಿದ್ದಿದೆ.

ತೂಕಗಳನ್ನು ಶಿಸ್ತಿನಿಂದ ಗೊತ್ತುಮಾಡಲು ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ (ಅನಾಲಿಟಿಕ್ ಹೈರಾರ್ಕಿ ಪ್ರೊಸೆಸ್) ವಿಧಾನವಿದೆ. ಎರಡೆರಡೇ ಮಾನದಂಡಗಳನ್ನು ಎದುರುಬದುರು ಇಟ್ಟು, ಯಾವುದು ಎಷ್ಟು ಮುಖ್ಯ ಎಂಬುದನ್ನು 1ರಿಂದ 9ರ ಅಳತೆಯಲ್ಲಿ ಹೇಳಬೇಕು. ಉತ್ತರಗಳು ಒಂದಕ್ಕೊಂದು ತಾಳೆಯಾಗದೆ ಅಸಂಗತತೆಯ ಅನುಪಾತ 0.1 ಮೀರಿದರೆ ಮತ್ತೆ ಯೋಚಿಸಬೇಕು. ಇದು ಉಪಯುಕ್ತ ಪರೀಕ್ಷೆಯೇ ಹೌದು, ಆದರೆ ಪರೀಕ್ಷಿಸುವುದು ಹೇಳಿದವರ ಮಾತಿನ ಹೊಂದಾಣಿಕೆಯನ್ನು ಮಾತ್ರ. ಆ ತೂಕಗಳು ಗುಬ್ಬಿಯ ರೈತನಿಗೆ ನ್ಯಾಯವಾದವೇ ಎಂಬುದನ್ನಲ್ಲ.

ಸಂಬಳದ ಚೀಟಿಗೆ ಸಾಲ ಕೊಡುವವರು ಅಂಟಿಕೊಳ್ಳುವುದಕ್ಕೆ ಕಾರಣವಿಲ್ಲದಿಲ್ಲ. ಬೈಕಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಕಂತು ನಿಂತರೆ ಗಾಡಿ ಹುಡುಕಿ ತಂದು ಹರಾಜು ಹಾಕುವ ಖರ್ಚೂ ಇದೆ, ಆದ್ದರಿಂದ ಆರ್‌ಸಿಯಲ್ಲಿ ಹೈಪಾಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಅಡವಾಗಿದೆ ಎಂಬ ನಮೂದು, ಬರೆಸಿಕೊಂಡ ಮಾತ್ರಕ್ಕೆ ಸಾಲ ಭದ್ರವಾಗುವುದಿಲ್ಲ. ಆದರೆ ಹಾಲು ಹಾಕುವವರ ಪಾಸ್‌ಬುಕ್ಕನ್ನು ತೆರೆದು ನೋಡಿದರೆ ಡೇರಿಯ ಬಟವಾಡೆ ಕಂತುಕಂತಾಗಿ ಜಮಾ ಆಗಿರುವುದು ಕಾಣುತ್ತದೆ, ಜೊತೆಗೆ ಸರ್ಕಾರದ ಪ್ರೋತ್ಸಾಹಧನವೂ ಇರುತ್ತದೆ. ಬೇಸಿಗೆಯಲ್ಲಿ ಮೊತ್ತ ಇಳಿಯುತ್ತದೆ, ಹಸು ಗಬ್ಬವಾಗಿ ಹಾಲು ನಿಲ್ಲಿಸಿದ ತಿಂಗಳುಗಳಲ್ಲಿ ಇನ್ನಷ್ಟು ಇಳಿಯುತ್ತದೆ, ಕರು ಹಾಕಿದ ಮೇಲೆ ಮತ್ತೆ ಏರುತ್ತದೆ. ಇದು ಅಡ್ಡಾದಿಡ್ಡಿ ಆದಾಯವಲ್ಲ, ತನ್ನದೇ ಲಯವುಳ್ಳ ಆದಾಯ. ತಿಂಗಳಿಗೊಂದೇ ಮೊತ್ತ ಬರಬೇಕೆಂದು ಹುಡುಕುವ ತಂತ್ರಾಂಶ ಅದಕ್ಕೆ 2 ಅಂಕ ಕೊಟ್ಟರೆ ತಪ್ಪು ಅಳತೆಗೋಲಿನಲ್ಲಿದೆ. ಇಡೀ ವರ್ಷದ ಜಮೆಯನ್ನು ಒಟ್ಟಾಗಿ ನೋಡಿ, ಅತಿ ಕಡಿಮೆ ಬಂದ ಮೂರು ತಿಂಗಳಲ್ಲೂ ಕಂತು ಕಟ್ಟಲಾಗುತ್ತದೆಯೇ ಎಂದು ಕೇಳುವುದು ನನ್ನ ಪ್ರಕಾರ ಹೆಚ್ಚು ಪ್ರಾಮಾಣಿಕವಾದ ಪ್ರಶ್ನೆ.

ಸಾಲದ ಇತಿಹಾಸವೇ ಇಲ್ಲದಿರುವುದನ್ನು ಕೆಟ್ಟ ಇತಿಹಾಸವೆಂದು ಎಣಿಸುವುದು ಇನ್ನೂ ದೊಡ್ಡ ಅನ್ಯಾಯ. ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದಾರೆಂಬುದನ್ನು ಅಳೆಯುವ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಎಂದೂ ಸಾಲ ಮಾಡದವರಿಗೆ ಅದರಲ್ಲಿ ಸ್ಥಾನವೇ ಇರುವುದಿಲ್ಲ. ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸಾಲ ಸಂಸ್ಥೆಗಳಿಗೆ ಸೂಚಿಸಿರುವುದನ್ನು 2025ರಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೂ ತಿಳಿಸಿತು. ದತ್ತಾಂಶದಿಂದ ಕಲಿಯುವ ಮಾದರಿಗಳಲ್ಲೂ ಇದೇ ತೊಡಕಿದೆ: ಸಾಲ ಸಿಕ್ಕವರು ಕಟ್ಟಿದರೋ ಇಲ್ಲವೋ ಎಂಬುದು ಮಾತ್ರ ದಾಖಲಾಗುತ್ತದೆ, ಸಾಲ ಸಿಗದೆ ವಾಪಸು ಹೋದವರು ಸರಿಯಾಗಿ ಕಟ್ಟುತ್ತಿದ್ದರೇ ಎಂಬುದು ಎಲ್ಲೂ ದಾಖಲಾಗುವುದಿಲ್ಲ. ಹೀಗಾಗಿ ಮಾದರಿಯ ಒಂದು ಬಗೆಯ ತಪ್ಪು ಅದರ ಕಣ್ಣಿಗೇ ಬೀಳದೆ ಉಳಿಯುತ್ತದೆ. ಅರ್ಹತೆಯ ಗಡಿಯ ಸಮೀಪದಲ್ಲಿ ಬಿದ್ದ ಕೆಲವು ಅರ್ಜಿಗಳಿಗೆ ಸಣ್ಣ ಮೊತ್ತದ ಸಾಲವನ್ನಾದರೂ ಕೊಟ್ಟು ನೋಡದೆ ಇದನ್ನು ತಿದ್ದುವುದು ಕಷ್ಟ.

ಆದ್ದರಿಂದ ನಾನು ರೂಪಿಸುವ ಪರದೆಯಲ್ಲಿ ಒಟ್ಟು ಅಂಕದ ಕೆಳಗೆ, ಯಾವ ಮಾನದಂಡ ಎಷ್ಟು ಅಂಕ ಕಳೆಯಿತೆಂಬುದೂ ಕಾಣಬೇಕೆಂದು ಹಟ ಹಿಡಿಯುತ್ತೇನೆ. ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ನಡವಳಿಕೆ ಸಂಹಿತೆ ಹೇಳುತ್ತದೆ. ಅದರ ಆಶಯಕ್ಕೆ ತಕ್ಕಂತೆ, “ಸಾಲ ಕೊಡಲಾಗದು” ಎಂದಷ್ಟೇ ಹೇಳದೆ, “ಡೌನ್ ಪೇಮೆಂಟ್ ಇನ್ನಷ್ಟು ಹೆಚ್ಚಿಸಿದರೆ, ಅಥವಾ ಡೇರಿಯ ಒಂದು ವರ್ಷದ ಬಟವಾಡೆಯ ವಿವರ ತಂದರೆ, ನಿಮ್ಮ ಅರ್ಜಿಯನ್ನು ಮತ್ತೆ ಪರಿಶೀಲಿಸುತ್ತೇವೆ” ಎಂದು ಕನ್ನಡದಲ್ಲಿ ಬರೆದುಕೊಡುವುದು ತಂತ್ರಾಂಶಕ್ಕೆ ಕಷ್ಟದ ಕೆಲಸವೇನಲ್ಲ.